‘ಕೀಪ್ ಆನ್’ ಎಂದರೆ ‘ಮೇಲೆ ಇಡು’ ಅಲ್ಲ!

ಪ್ರೀತಿಯ ಗೆಳೆಯ ಗೆಳತಿಯರೇ,

ಹೋದ ತಿಂಗಳು ಇಂಗ್ಲಿಷ್ ಪೀರಿಯಡ್ಡಿನಲ್ಲಿ ‘ಹಿ ಕೆಪ್ಟ್ ಆನ್ ಆಸ್ಕಿಂಗ್’ ಎಂಬ ವಾಕ್ಯಕ್ಕೆ ನಾನು ‘ಅವನು ಕೇಳಿ ಮೇಲೆ ಇಟ್ಟನು’ ಎಂದು ಅರ್ಥ ಹೇಳಿದೆ. ನೀವೆಲ್ಲ ನಕ್ಕಿರಿ. ಅವತ್ತಿಂದ ನಾನು ಕೈ ಎತ್ತುವುದನ್ನೇ ಬಿಟ್ಟೆ. ಆದರೆ ನನ್ನ ತಪ್ಪಿಗೂ ಒಂದು ಕಾರಣ ಇತ್ತು. ‘ಕೀಪ್ ದ ಬುಕ್ ಆನ್ ದ ಟೇಬಲ್’ ಎಂದರೆ ಮೇಜಿನ ಮೇಲೆ ಪುಸ್ತಕ ಇಡು ಅಂತ ತಾನೆ? ಅಲ್ಲಿ ಎರಡು ಪದ ಬೇರೆ ಬೇರೆ. ‘ಕೀಪ್ ಆನ್’ ಎಂದು ಸೇರಿ ಒಂದೇ ಕ್ರಿಯಾಪದವಾದರೆ ಅರ್ಥವೇ ಬೇರೆ. ಇಂಥವಕ್ಕೆ ‘ಫ್ರೇಸಲ್ ವರ್ಬ್’ ಎನ್ನುತ್ತಾರೆ.

ಅರ್ಥ ನನಗೆ ಹೊಳೆದದ್ದು ಮನೆಯಲ್ಲಿ. ನಮ್ಮ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಒಂದು ಸಲ ಸೊಪ್ಪು ಹಾಕಿ ಕೂತೆ. “ಏನೋ ಕೂತ್ಬಿಟ್ಟೆ? ಇನ್ನೊಂದು ವಾರ ತಿಂತಾನೇ ಇರ್ತವೆ, ಹಾಕು” ಅಂದಳು ಅಮ್ಮ. ‘ತಿಂತಾನೇ ಇರ್ತವೆ’: ಇದೇ ‘ಕೀಪ್ ಆನ್ ಈಟಿಂಗ್’!

ನೆನಪಿಡಬೇಕಾದ ಅಂಶಗಳು:

1. ಮುಂದಿನ ಕ್ರಿಯಾಪದಕ್ಕೆ ‘ಇಂಗ್’ ಸೇರಬೇಕು. ‘ಕೀಪ್ ಆನ್ ಟು ರೀಡ್’ ತಪ್ಪು. ‘ಕೀಪ್ ಆನ್ ರೀಡಿಂಗ್’ ಸರಿ.

2. ಭೂತಕಾಲದಲ್ಲಿ ‘ಕೆಪ್ಟ್ ಆನ್’. ಉದಾಹರಣೆ: ‘ಮಾಸ್ತಿ ಕೆಪ್ಟ್ ಆನ್ ರೈಟಿಂಗ್.’ ನಮ್ಮ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮೊದಲ ಕಥಾಸಂಕಲನ 1920ರಲ್ಲಿ ಬಂತು. ‘ಚಿಕವೀರ ರಾಜೇಂದ್ರ’ ಕಾದಂಬರಿಗೆ ಜ್ಞಾನಪೀಠ ಸಿಕ್ಕಿದ್ದು 1983ನೇ ಸಾಲಿನದು. ಅಷ್ಟು ವರ್ಷವೂ ಅವರು ಬರೆಯುತ್ತಲೇ ಇದ್ದರು.

3. ಇದು ಯಾವಾಗಲೂ ಹೊಗಳಿಕೆ ಅಲ್ಲ. ‘ಹಿ ಕೀಪ್ಸ್ ಆನ್ ಟಾಕಿಂಗ್’ ಎಂದರೆ ‘ಎಷ್ಟು ಹೇಳಿದ್ರೂ ಮಾತಾಡ್ತಾನೇ ಇರ್ತಾನೆ’ ಎಂಬ ಬೇಸರವೂ ಆಗಬಹುದು. ಹಿಂದಿನ ಬೆಂಚಿನವರು ಗಮನಿಸಿ!

4. ‘ಕೀಪ್ ಅಟ್ ಇಟ್’ ಎಂದರೆ ಕಷ್ಟವಾದರೂ ಪಟ್ಟು ಬಿಡದೆ ಮಾಡು.

5. ‘ಕ್ಯಾರಿ ಆನ್’ ಎಂದರೆ ಮುಂದುವರಿಸು. ನಡುವೆ ನಿಂತುಹೋದ ಕೆಲಸ ಮತ್ತೆ ಹಿಡಿದಾಗಲೂ ಹೀಗೆ ಹೇಳಬಹುದು. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ಸತ್ತೇ ಹೋಯ್ತೇನೋ ಅನ್ನಿಸುತ್ತದೆ. ಆಮೇಲೆ ಹಳೇ ಚರ್ಮ ಕಳಚಿ ಮೊದಲಿಗಿಂತ ಜಾಸ್ತಿ ತಿನ್ನುತ್ತದೆ.

ನಾನೂ ಒಂದು ತಿಂಗಳು ಜ್ವರಕ್ಕೆ ಕೂತಿದ್ದೆ ಅಂದುಕೊಳ್ಳಿ. ನಿನ್ನೆ ಮತ್ತೆ ಕೈ ಎತ್ತಿದೆ. ಉತ್ತರ ಅರ್ಧ ತಪ್ಪಾಯಿತು, ಆದರೆ ಅರ್ಧ ಸರಿ ಇತ್ತು. ನಮ್ಮ ತರಗತಿಯಲ್ಲಿ ನಗುತ್ತಾರೆಂದು ಕೈ ಕೆಳಗಿಟ್ಟವರು ಇನ್ನೂ ಇದ್ದಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ನಮಗಾಗಿ ಕಾಯುವುದಿಲ್ಲ. ನಾಳೆ ನೀವೂ ಕೈ ಎತ್ತಿ. ನಾನಂತೂ ನಗುವುದಿಲ್ಲ.

ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ವಿನಂತಿ.

ಇಂತಿ ನಿಮ್ಮ ಸಹಪಾಠಿ,
ಹತ್ತನೇ ತರಗತಿ, ಹುತ್ತೂರು