ರಾಜೀನಾಮೆ ಬರೆಯುವ ಮುನ್ನ

“ಹೇಗೂ ತೆಗೆಯುತ್ತಾರೆ, ಮರ್ಯಾದೆಯಿಂದ ನಾವೇ ಬಿಡೋಣ” ಎಂದು ಅವಸರಪಡಬೇಡಿರಿ. ತೆಗೆಯುವ ಕಾರಣವನ್ನು ಮೊದಲು ತಿಳಿಯಿರಿ.

ಕೆಲಸ ಕಡಿಮೆಯಾಗಿ ಆಳು ಇಳಿಸುವುದಾದರೆ, ಒಂದು ವರ್ಷ ತುಂಬಿದ ಕಾರ್ಮಿಕನಿಗೆ ತಿಂಗಳ ನೋಟೀಸು ಇಲ್ಲವೇ ಅದರ ಪಗಾರ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ಪಗಾರ ಪರಿಹಾರವಾಗಿ ಸಲ್ಲಬೇಕು. ಕಾರಕೂನನೂ ಇದರಲ್ಲಿ ಸೇರಿದವನೇ. 1953ರಲ್ಲಿ ಬಂದ ಈ ನಿಯಮ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ತಾನಾಗಿ ಬಿಟ್ಟವನಿಗೆ ಈ ಪರಿಹಾರವಿಲ್ಲ. ಗ್ರ್ಯಾಚುಯಿಟಿ ಮಾತ್ರ 5 ವರ್ಷ ತುಂಬಿದ್ದರೆ ಬಿಟ್ಟರೂ ಸಿಗುವುದು. ಆದುದರಿಂದ ತಾರೀಖು ಎಣಿಸಿರಿ.

ತಪ್ಪಿನ ಆರೋಪವಿದ್ದರೆ ಲಿಖಿತ ಉತ್ತರ ಕೊಟ್ಟು ವಿಚಾರಣೆ ಎದುರಿಸಿರಿ. ಆರೋಪ ನಿಜವಾಗಿದ್ದು ಸಾಕ್ಷ್ಯ ಗಟ್ಟಿಯಾಗಿದ್ದರೆ, ವಜಾ ಹುಕುಮಿಗಿಂತ ರಾಜೀನಾಮೆಯೇ ಲೇಸು.

ಸಿಟ್ಟಿನಲ್ಲಿ ಬರೆದ ಎರಡು ಸಾಲಿನ ಬೆಲೆಯನ್ನು ಊರಲ್ಲಿರುವ ಮನೆಮಂದಿ ತೆರಬೇಕಾದೀತು.