‘ಕೋಡ್ ನಡೀವಲ್ದು’ ಅಂದ್ರ ಸಾಲದು

ಶಲವಡಿಯಂಥ ಊರಿಂದ ಒಬ್ಬರು ಡೆವಲಪರ್ ಆದ್ರ ಸಾಕು, ಲ್ಯಾಪ್‌ಟಾಪ್ ರಿಪೇರಿಯಿಂದ ಪ್ರಾಜೆಕ್ಟ್ ತನಕ ಎಲ್ಲಾ ಅವರಿಗೇ ಕೇಳ್ತೀವಿ. ನಾವು ಕಳಿಸೋ ಮೆಸೇಜ್ ಮಾತ್ರ ಇಷ್ಟೇ: “ಅಣ್ಣಾ, ಕೋಡ್ ನಡೀವಲ್ದು, ಸ್ವಲ್ಪ ನೋಡ್ರಿ.” ಯಾವ ಕೋಡ್, ಏನು ಎರರ್ ಅಂತ ತಿಳಿಯೋದ್ರಾಗೇ ಅವರ ಅರ್ಧ ತಾಸು ಹೋಗ್ತದ.

ಒಂದು ಉದಾಹರಣೆ ನೋಡೋಣ. ಊರ ಹೆಸರಿನ ಅಕ್ಷರ ಎಣಿಸೋ ಪ್ರೋಗ್ರಾಂ ಬರೀತೀವಿ. ‘ಶಲವಡಿ’ ನಮ್ಮ ಕಣ್ಣಿಗೆ 4 ಅಕ್ಷರ, ಪೈಥಾನ್‌ನ ‘ಲೆನ್’ ಮಾತ್ರ 5 ಅಂತದ. ಕೇಳೋದು ಹೀಗೆ: “ಪೈಥಾನ್ 3, ಈ ಒಂದೇ ಸಾಲು. 4 ಬರಬೇಕಿತ್ತು, 5 ಬಂತು. ‘ಶಲವ’ ಕೊಟ್ರ 3 ಸರಿ ಅದ, ‘ಡಿ’ ಒಂದಕ್ಕೇ 2 ಬರ್ತದ.”

ಇಷ್ಟು ಬರೆಯೋಷ್ಟರಲ್ಲೇ ತಪ್ಪಿನ ಜಾಗ ಸಿಕ್ತು. ಯೂನಿಕೋಡ್‌ನಲ್ಲಿ ‘ಡ’ ಬೇರೆ, ಗುಡಿಸು ಬೇರೆ. ‘ಲೆನ್’ ಎರಡನ್ನೂ ಎಣಿಸ್ತದ. ಅಣ್ಣನಿಗೆ ಉತ್ತರ ಹೇಳಲಿಕ್ಕೆ 2 ನಿಮಿಷ ಸಾಕು.

ಇನ್ನು ಕೆಲವು ಮಾತು:

1. ಎರರ್ ಅನ್ನು ಮೊದಲು ಪೂರ್ತಿ ಓದಿ, ಹುಡುಕಿ ನೋಡೋಣ.
2. ಸ್ಕ್ರೀನಿನ ಫೋಟೋ ಬೇಡ, ಎರರ್ ಕಾಪಿ ಮಾಡಿ ಕಳಿಸೋಣ.
3. ಇಡೀ ಪ್ರಾಜೆಕ್ಟ್ ಬೇಡ, ಅದೇ ಎರರ್ ಬರೋ ನಾಲ್ಕು ಸಾಲು ಸಾಕು. ಪಾಸ್‌ವರ್ಡ್ ತೆಗೆಯೋಣ.
4. ಕೇಳದೆ ಫೋನ್ ಮಾಡೋದು ಬೇಡ. ‘ಈಗ ಆಗಲ್ಲ’ ಅಂದ್ರ ಬೇಜಾರೂ ಬೇಡ.
5. ಅಸೈನ್‌ಮೆಂಟ್ ಬರೆದುಕೊಡ್ರಿ ಅನ್ನೋದು ಸಹಾಯ ಕೇಳಿದಂಗಲ್ಲ.
6. ಸರಿ ಆದ ಮೇಲೆ ಏನು ಮಾಡಿದ್ವಿ ಅಂತ ಅವರಿಗೆ ತಿಳಿಸೋಣ.

ಕಡೇದನ್ನೇ ನಾವು ಹೆಚ್ಚು ಮರೀತೀವಿ. ಮುಂದಿನ ವರ್ಷ ಜೂನಿಯರ್‌ಗಳು ನಮ್ಮನ್ನೇ ಕೇಳ್ತಾರ, ಆಗ ಇದರ ಬೆಲೆ ಗೊತ್ತಾಗ್ತದ.