ವೈನರಿ ತ್ಯಾಜ್ಯನೀರು ಮತ್ತು ಸೂಕ್ಷ್ಮ ಪಾಚಿ: ಅನುಮತಿಗೆ ಮುನ್ನ ತಿಳಿಯಬೇಕಾದ ಲೆಕ್ಕ

ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯು 2007ರಲ್ಲಿ ಜಾರಿಗೆ ಬಂದಿತು. ನಂದಿ ಕಣಿವೆ ಹಾಗೂ ಕೃಷ್ಣಾ ಕಣಿವೆಯ ಗ್ರಾಮಗಳಲ್ಲಿ ಇಂದು ವೈನರಿಗಳು ಕಾರ್ಯನಿರ್ವಹಿಸುತ್ತಿವೆ. ಅವು ಬೆಳೆಗಾರರಿಗೆ ಮಾರುಕಟ್ಟೆಯನ್ನು, ಗ್ರಾಮಸ್ಥರಿಗೆ ಉದ್ಯೋಗವನ್ನು ಒದಗಿಸುತ್ತವೆ. ಜೊತೆಗೆ ತ್ಯಾಜ್ಯವನ್ನೂ ಹೊರಬಿಡುತ್ತವೆ. ಈ ತ್ಯಾಜ್ಯನೀರಿನಲ್ಲಿ ಸೂಕ್ಷ್ಮ ಪಾಚಿ ಬೆಳೆಸಿ ಗೊಬ್ಬರ ತಯಾರಿಸುವ ಪ್ರಸ್ತಾವನೆ ಗ್ರಾಮ ಪಂಚಾಯಿತಿಯ ಮುಂದೆ ಬಂದಲ್ಲಿ, ಅದನ್ನು ಪರಿಶೀಲಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ತ್ಯಾಜ್ಯದ ಸ್ವರೂಪ

ವೈನರಿಯ ತ್ಯಾಜ್ಯ ಮುಖ್ಯವಾಗಿ ಮೂರು ಬಗೆಯದು: ದ್ರಾಕ್ಷಿ ಹಿಂಡಿದ ನಂತರ ಉಳಿಯುವ ಸಿಪ್ಪೆ-ಬೀಜಗಳ ಹಿಪ್ಪೆ, ಪೀಪಾಯಿಗಳ ತಳದಲ್ಲಿ ನಿಲ್ಲುವ ಗಷ್ಟು, ಯಂತ್ರ ಹಾಗೂ ನೆಲ ತೊಳೆದ ನೀರು. ತೊಳೆದ ನೀರು ಹುಳಿಯಾಗಿದ್ದು, ಸಕ್ಕರೆ ಮತ್ತು ಮದ್ಯಸಾರದ ಅಂಶಗಳನ್ನು ಹೊಂದಿರುತ್ತದೆ. ಕೊಯ್ಲಿನ ದಿನಗಳಲ್ಲಿ ಅದರ ಸಿಒಡಿ ಪ್ರತಿ ಲೀಟರಿಗೆ ಹಲವು ಸಾವಿರ ಮಿಲಿಗ್ರಾಂ ಇರುವುದು ಸಾಮಾನ್ಯ. ಈ ನೀರು ಕೆರೆ ಸೇರಿದರೆ, ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಕೆರೆಯ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುತ್ತವೆ, ಮೀನುಗಳು ಸಾಯುತ್ತವೆ. ವೈನ್ ದ್ರಾಕ್ಷಿಯ ಕೊಯ್ಲು ಬೇಸಿಗೆಯ ಆರಂಭದಲ್ಲಿ ನಡೆಯುವುದರಿಂದ, ಕೆರೆಯಲ್ಲಿ ನೀರು ತಗ್ಗುವ ಕಾಲಕ್ಕೇ ಈ ಕಲ್ಮಷವೂ ಹೆಚ್ಚುತ್ತದೆ ಎಂಬುದನ್ನು ಗಮನಿಸತಕ್ಕದ್ದು.

2. ಪಾಚಿಯ ಕಾರ್ಯ

ಕ್ಲೋರೆಲ್ಲಾದಂತಹ ಸೂಕ್ಷ್ಮ ಪಾಚಿಗಳು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತವೆ. ಅದನ್ನು ಬಳಸಿ ಬ್ಯಾಕ್ಟೀರಿಯಾಗಳು ಕಲ್ಮಷವನ್ನು ವಿಭಜಿಸುತ್ತವೆ. ಆಗ ಹೊರಬರುವ ಇಂಗಾಲದ ಡೈಆಕ್ಸೈಡ್ ಮತ್ತು ಪೋಷಕಾಂಶಗಳನ್ನು ಪಾಚಿ ಹೀರಿ ಬೆಳೆಯುತ್ತದೆ. ಸುಮಾರು 30 ಸೆಂ.ಮೀ. ಆಳದ ತೊಟ್ಟಿಯಲ್ಲಿ ಪ್ಯಾಡಲ್ ಚಕ್ರದಿಂದ ನೀರನ್ನು ನಿಧಾನವಾಗಿ ತಿರುಗಿಸುವ ಈ ವಿಧಾನವನ್ನು ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಆಸ್ವಾಲ್ಡ್ ಅವರು 1950ರ ದಶಕದಿಂದ ಅಭಿವೃದ್ಧಿಪಡಿಸಿದರು.

ಆದರೆ ವೈನರಿಯ ನೀರನ್ನು ನೇರವಾಗಿ ಪಾಚಿ ತೊಟ್ಟಿಗೆ ಬಿಡುವಂತಿಲ್ಲ. ಅದರ ಗಾಢ ಬಣ್ಣ ಬೆಳಕನ್ನು ತಡೆಯುತ್ತದೆ, ಹುಳಿಯು ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಅದರಲ್ಲಿ ಸಾರಜನಕ, ರಂಜಕಗಳೂ ಕಡಿಮೆ. ಆದಕಾರಣ ಮೊದಲು ಹಿಪ್ಪೆಯನ್ನು ಬೇರ್ಪಡಿಸಿ ಕಾಂಪೋಸ್ಟ್ ಮಾಡಬೇಕು. ನಂತರ ನೀರಿಗೆ ಸುಣ್ಣ ಸೇರಿಸಿ, ಗೋಬರ್ ಗ್ಯಾಸ್ ಮಾದರಿಯ ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಬೇಕು. ಕೊನೆಯದಾಗಿ, ಪೋಷಕಾಂಶಕ್ಕಾಗಿ ಅಲ್ಪ ಪ್ರಮಾಣದ ಸಗಣಿ ಬಗ್ಗಡದ ತಿಳಿನೀರನ್ನು ಸೇರಿಸಿ ಪಾಚಿ ತೊಟ್ಟಿಗೆ ಹರಿಸಬೇಕು.

3. ಒಂದು ಮಾದರಿ ಲೆಕ್ಕ

ವರ್ಷಕ್ಕೆ 1 ಲಕ್ಷ ಲೀಟರ್ ವೈನ್ ತಯಾರಿಸುವ ಘಟಕವನ್ನು ಊಹಿಸೋಣ. ಲೀಟರ್ ವೈನಿಗೆ 3 ಲೀಟರ್ ತ್ಯಾಜ್ಯನೀರು ಎಂದು ಹಿಡಿದರೆ ಒಟ್ಟು 3 ಲಕ್ಷ ಲೀಟರ್. ಅದರಲ್ಲಿ 1.8 ಲಕ್ಷ ಲೀಟರ್ ಕೊಯ್ಲಿನ 90 ದಿನಗಳಲ್ಲಿ ಬಂದರೆ ದಿನಕ್ಕೆ 2,000 ಲೀಟರ್. ನೀರು 8 ದಿನ ತೊಟ್ಟಿಯಲ್ಲಿ ನಿಲ್ಲಬೇಕಾದರೆ 16,000 ಲೀಟರ್ ಹಿಡಿಸುವ, 30 ಸೆಂ.ಮೀ. ಆಳದ, ಸುಮಾರು 54 ಚದರ ಮೀಟರ್ ತೊಟ್ಟಿ ಬೇಕು. ಇದು 20×30 ಅಡಿಯ ನಿವೇಶನದಷ್ಟು ಜಾಗ.

ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಒಣ ಪಾಚಿ ದೊರೆತರೆ ಇಡೀ ಕೊಯ್ಲಿನ ಅವಧಿಯಲ್ಲಿ ಸಿಗುವುದು ಸುಮಾರು 50 ಕಿಲೋ ಮಾತ್ರ. ಇದೇ ಘಟಕದಿಂದ ಬರುವ ಹಿಪ್ಪೆಯಾದರೋ ಸುಮಾರು 30 ಟನ್. ಅಂದರೆ ಗೊಬ್ಬರದ ಪ್ರಮಾಣ ಹಿಪ್ಪೆಯಲ್ಲಿದೆ. ಪಾಚಿಯಿಂದ ದೊರೆಯುವ ಮುಖ್ಯ ಲಾಭ ಶುದ್ಧೀಕರಿಸಿದ ನೀರು. ಪಾಚಿ ಮಾರಾಟದ ದೊಡ್ಡ ಆದಾಯವನ್ನು ತೋರಿಸುವ ಪ್ರಸ್ತಾವನೆಯನ್ನು ಎಚ್ಚರಿಕೆಯಿಂದ ಪರಿಶೀಲಿಸತಕ್ಕದ್ದು.

4. ಸಾಮಾನ್ಯ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅ) ಜಲ ಕಾಯ್ದೆ, 1974ರ ಅನ್ವಯ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಲಾಗಿದೆಯೇ? ಅದರಲ್ಲಿನ ಷರತ್ತುಗಳೇನು?

ಆ) ಹೊರಬಿಡುವ ನೀರಿನ ಬಿಒಡಿ ಎಷ್ಟು? ಸಾಮಾನ್ಯ ಮಾನದಂಡದಂತೆ ಕೆರೆ-ಹಳ್ಳಕ್ಕೆ ಬಿಡಲು ಪ್ರತಿ ಲೀಟರಿಗೆ 30 ಮಿಲಿಗ್ರಾಂ, ಜಮೀನಿಗೆ ಹಾಯಿಸಲು 100 ಮಿಲಿಗ್ರಾಂ ಮೀರಬಾರದು.

ಇ) ತೊಟ್ಟಿಗಳ ತಳ ಇಂಗದಂತೆ ಭದ್ರವಾಗಿದೆಯೇ? ಇಲ್ಲವಾದಲ್ಲಿ ಸುತ್ತಲಿನ ಕೊಳವೆಬಾವಿಗಳಿಗೆ ಅಪಾಯವಿದೆ.

ಈ) ಬೆಳೆದ ಪಾಚಿಯನ್ನು ಹೇಗೆ ಬೇರ್ಪಡಿಸಲಾಗುತ್ತದೆ? ಅದರ ಕಣಗಳು ಸಾಮಾನ್ಯ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಕೆಳಗಿಳಿಸುವ ತೊಟ್ಟಿ ಅವಶ್ಯ. ಪಾಚಿಯನ್ನು ತೆಗೆಯದಿದ್ದರೆ ಅದು ಸತ್ತು ಕೊಳೆತು ನೀರನ್ನು ಪುನಃ ಕೆಡಿಸುತ್ತದೆ.

ಉ) ಪಾಚಿಯ ಬಳಕೆ ಯಾವುದಕ್ಕೆ? ತೋಟಕ್ಕೆ ಸಿಂಪಡಿಸಿದ ಬೋರ್ಡೋ ದ್ರಾವಣದ ತಾಮ್ರವು ತ್ಯಾಜ್ಯದಲ್ಲಿ ಸೇರಿರಬಹುದು. ಪ್ರಯೋಗಾಲಯದ ವರದಿ ಇಲ್ಲದೆ ಅದನ್ನು ಜಾನುವಾರು ಅಥವಾ ಕೋಳಿ ಆಹಾರವಾಗಿ ಬಳಸಲು ಒಪ್ಪಬಾರದು.

5. ಸಾರಾಂಶ

ಕೆರೆ ಹಸಿರಾಗುವುದು ಊರಿಗೆ ರೋಗಲಕ್ಷಣ. ಅದೇ ಹಸಿರನ್ನು ತೊಟ್ಟಿಯಲ್ಲಿ ಬೆಳೆಸಿ, ಕಾಲಕಾಲಕ್ಕೆ ತೆಗೆದರೆ ಅದು ಚಿಕಿತ್ಸೆ. ಇವೆರಡರ ನಡುವಿನ ಅಂತರ ನಿತ್ಯದ ನಿರ್ವಹಣೆಯಲ್ಲಿದೆ. ಆದ್ದರಿಂದ ಅನುಮತಿ ನೀಡುವ ದಿನ ಮಾತ್ರವಲ್ಲದೆ ಪ್ರತಿ ಕೊಯ್ಲಿನ ಅವಧಿಯಲ್ಲಿಯೂ ಸದಸ್ಯರು ಸ್ಥಳಕ್ಕೆ ಭೇಟಿ ನೀಡಿ, ನೀರಿನ ಪರೀಕ್ಷಾ ವರದಿಯನ್ನು ಸಭೆಯ ಮುಂದೆ ಮಂಡಿಸುವಂತೆ ಕ್ರಮವಹಿಸುವುದು ಸೂಕ್ತ.